ಕಲಂ ನಾಲ್ಕರಲ್ಲಿ ನಮೂದಿಸಿದ ಭಯ

ಟೇಕಲ್, ಮಾಲೂರು ತಾಲ್ಲೂಕು
೨೨ ಜನವರಿ ೨೦೨೪

ಭದ್ರಗಿರಿ ಕಲ್ಲಿದ್ದಲು ಸಂಸ್ಥೆಯ ಘನ ಪ್ರಧಾನ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ವಿಷಯ: ಅರ್ಜಿದಾರನ ಮಗಳಾದ ಕುಮಾರಿ ವಿ. ರಂಜಿತ ಇವರನ್ನು ಭೂಗರ್ಭದ ಕೆಲಸದಿಂದ ಬಿಡಿಸಿ ನೆಲದ ಮೇಲಿನ ಕಚೇರಿಗೆ ನೇಮಿಸುವ ಬಗ್ಗೆ.

ಅರ್ಜಿಯ ವಿವರಗಳು:

೧. ಅರ್ಜಿದಾರನ ಹೆಸರು ವೆಂಕಟರಾಯಪ್ಪ, ತಂದೆ ದಿವಂಗತ ಮುನಿಶಾಮಪ್ಪ, ವಯಸ್ಸು ಅರವತ್ತೊಂಬತ್ತು, ಕಸುಬು ವ್ಯವಸಾಯ. ಮಾಲೂರು ತಾಲ್ಲೂಕು ಕಚೇರಿಯ ಮುಂಭಾಗದಲ್ಲಿ ಬಹುಕಾಲ ಅರ್ಜಿ ಬರಹಗಾರನಾಗಿದ್ದವನು.

೨. ಸದರಿ ರಂಜಿತ ಅರ್ಜಿದಾರನ ಏಕೈಕ ಪುತ್ರಿ. ತಮ್ಮ ಗಣಿಯೊಳಗೆ ಚಾವಣಿಯ ಬಂಡೆ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದನ್ನು ಅಳೆದು ವರದಿ ಕೊಡುವ ಅಧಿಕಾರಿ.

೩. ಈ ಸಂಕ್ರಾಂತಿಗೆ ಮನೆಗೆ ಬಂದಾಗ ಆಕೆಯ ಬಾಯಿಂದಲೇ ತಿಳಿದುಬಂದ ಸಂಗತಿ ಏನೆಂದರೆ, ಅಲ್ಲಿ ಮೊದಲು ಕಲ್ಲಿದ್ದಲಿನ ದೊಡ್ಡ ಕಂಬಗಳನ್ನು ಉಳಿಸಿಕೊಂಡು ಸುತ್ತ ಅಗೆಯುತ್ತಾರೆ. ಕೊನೆಗೆ ಆ ಕಂಬಗಳನ್ನೂ ಒಂದೊಂದಾಗಿ ತೆಗೆದು, ಹಿಂದಿನ ಚಾವಣಿ ತಾನಾಗಿ ಕುಸಿಯಲು ಬಿಡುತ್ತಾರೆ. ಆ ಕುಸಿತದ ಅಂಚಿನಲ್ಲಿ ನಿಂತು ನೋಡುವುದೇ ಆಕೆಯ ಉದ್ಯೋಗ.

೪. ಸದರಿ ರಂಜಿತ ಒಂಬತ್ತು ವರ್ಷದವಳಿದ್ದಾಗ, ನಮ್ಮ ತೋಟದ ಬಾವಿಯ ಹೂಳೆತ್ತುವ ಸಮಯದಲ್ಲಿ ಒಳಗಿಳಿದಿದ್ದು, ಬಾವಿಯ ಪಡುವಣ ಗೋಡೆ ಕುಸಿದ ಕಾರಣ ತೀವ್ರವಾಗಿ ಭಯಗೊಂಡಳು. ಅಂದಿನಿಂದ ನೆಲದಡಿಯ ಸ್ಥಳಗಳಲ್ಲಿ ಸಣ್ಣ ಸದ್ದಿಗೂ ಬೆಚ್ಚುವ ಸ್ವಭಾವವು ಆಕೆಯಲ್ಲಿ ನೆಲೆಸಿರುತ್ತದೆ.

೫. ಸ್ವಾಭಿಮಾನದ ದೆಸೆಯಿಂದ ಈ ಸಂಗತಿಯನ್ನು ಆಕೆ ತಾನಾಗಿ ತಮ್ಮಲ್ಲಿ ನಿವೇದಿಸಿಕೊಳ್ಳಲಾರಳು.

ಆದಕಾರಣ, ಮೇಲ್ಕಂಡ ವಿವರಗಳನ್ನು ಮನಸ್ಸಿಗೆ ತಂದುಕೊಂಡು, ಆಕೆಗೆ ತಿಳಿಯದ ಹಾಗೆ ಮೇಲಿನ ಕಚೇರಿಯಲ್ಲಿ ಯಾವುದಾದರೂ ಸ್ಥಾನವನ್ನು ದಯಪಾಲಿಸಬೇಕೆಂದು ಬಿನ್ನಹ.

ಸಹಿ/- ವೆಂಕಟರಾಯಪ್ಪ
ಲಗತ್ತು: ಈ ಅರ್ಜಿಯ ತೆಲುಗು ಪ್ರತಿ, ಅರ್ಜಿದಾರನ ಸ್ವಂತ ಕೈಬರಹದಲ್ಲಿ.


ಭದ್ರಗಿರಿ ಗಣಿ ಕಾಲೊನಿ
೧೯ ಫೆಬ್ರವರಿ ೨೦೨೪

ಅಪ್ಪ,

ನಿಮ್ಮ ಫೋನ್ ನಾನು ಬೇಕೆಂದೇ ಎತ್ತುತ್ತಿಲ್ಲ. ನೀವು ಬರವಣಿಗೆಯಲ್ಲಿ ಮಾಡಿದ್ದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡಬೇಕು ಎನ್ನಿಸಿತು.

ಕಳೆದ ವಾರ ಮೇಲಧಿಕಾರಿಗಳ ಸಭೆಯಿತ್ತು. ಗಣಿಯ ಒಂದು ಭಾಗದಲ್ಲಿ ಕಂಬಗಳನ್ನು ತೆಗೆಯುತ್ತಿದ್ದಾರೆ. ಇಪ್ಪತ್ತು ಜನರ ತಂಡ ಅಲ್ಲಿ ಕೆಲಸ ಮಾಡುತ್ತದೆ. ಅಲ್ಲಿಯ ಚಾವಣಿ ಕದಲುತ್ತಿದೆ ಎಂದು ನಾನು ವರದಿ ಕೊಟ್ಟಿದ್ದೆ. ಅದು ನನ್ನ ಊಹೆಯಲ್ಲ. ಚಾವಣಿಗೆ ಉದ್ದನೆಯ ತೂತು ಕೊರೆದು, ಮೇಲಿನ ಗಟ್ಟಿ ಬಂಡೆಗೆ ಒಂದು ಕೊಕ್ಕೆ ಸಿಕ್ಕಿಸಿ, ಅದರಿಂದ ಬಣ್ಣದ ಪಟ್ಟಿಗಳಿರುವ ಕೊಳವೆಯನ್ನು ಇಳಿಬಿಟ್ಟಿರುತ್ತೇವೆ. ಕೆಳಗಿನ ಬಂಡೆಯ ಪದರಗಳು ಬಿಟ್ಟುಕೊಂಡು ಜಗ್ಗತೊಡಗಿದರೆ ಪಟ್ಟಿಗಳು ತೂತಿನೊಳಗೆ ಮರೆಯಾಗುತ್ತವೆ. ಮೊದಲು ಹಸಿರು, ಆಮೇಲೆ ಹಳದಿ. ಕೆಂಪು ಮಾತ್ರ ಕಾಣುವ ಹೊತ್ತಿಗೆ ಒಳಗೆ ಯಾರೂ ಇರಬಾರದು. ಅಲ್ಲಿ ಹಸಿರು ಪೂರ್ತಿ ಹೋಗಿದೆ, ಹಳದಿಯೂ ಸವೆಯುತ್ತಿದೆ. ಜನರನ್ನು ಹೊರಗೆ ಕರೆಯಿರಿ, ಉಳಿದ ಕಂಬಗಳನ್ನು ಮುಟ್ಟಬೇಡಿ, ಆ ಭಾಗವನ್ನು ಮುಚ್ಚಿ ಎಂದು ಬರೆದಿದ್ದೆ.

ಗಣಿಯ ಮುಖ್ಯಾಧಿಕಾರಿ ನನ್ನ ವರದಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಕಾಗದ ತೆಗೆದರು. ನಿಮ್ಮ ಅಕ್ಷರ ನನಗೆ ತಲೆಕೆಳಗಾಗಿಯೂ ಗುರುತು ಸಿಗುತ್ತದೆ. ಕಲಂ ನಾಲ್ಕನ್ನು ಎಲ್ಲರೆದುರು ಓದಿದರು. ಆಮೇಲೆ ನಗುತ್ತಾ ತೆಲುಗಿನಲ್ಲಿ, "ಭಯಪಡೊದ್ದು ಅಮ್ಮಾ", ಹೆದರಬೇಡಮ್ಮ, ಎಂದರು, ಗುಡುಗಿಗೆ ಹೆದರಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. ಮೇಜಿನ ಸುತ್ತ ಇದ್ದವರೂ ನಕ್ಕರು.

ಅಪ್ಪ, ಹೆಂಗಸರು ಗಣಿಯೊಳಗೆ ಇಳಿಯಲು ಅನುಮತಿ ಬಂದು ಕೆಲವೇ ವರ್ಷವಾಗಿದೆ. ಇಲ್ಲಿ ನನ್ನ ಬಳಿ ಇರುವುದು ನನ್ನ ಮಾತೊಂದೇ. ಬೀಳುತ್ತದೆ ಎಂದರೆ ಜನ ಹೊರಗೆ ಬರಬೇಕು, ನಿಲ್ಲುತ್ತದೆ ಎಂದರೆ ನಂಬಿ ಒಳಗೆ ಹೋಗಬೇಕು. ನೀವು ಅದನ್ನೇ ತೆಗೆದುಕೊಂಡುಬಿಟ್ಟಿರಿ. ಇನ್ನು ಮೇಲೆ ನಾನು ಏನು ಬರೆದರೂ ಅದು ಬಾವಿಯಲ್ಲಿ ಹೆದರಿದ ಹುಡುಗಿ ಬರೆದದ್ದು.

ಇಪ್ಪತ್ತು ಜನರೂ ಈ ಬೆಳಗ್ಗೆ ಮತ್ತೆ ಇಳಿದಿದ್ದಾರೆ.

ದಯವಿಟ್ಟು ಇವರಿಗೆ ಇನ್ನೊಂದು ಅರ್ಜಿ ಬರೆಯಬೇಡಿ. ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳಿ.

ರಂಜಿತ


ಟೇಕಲ್
೨೭ ಫೆಬ್ರವರಿ ೨೦೨೪

ಚಿರಂಜೀವಿ ರಂಜಿತಳಿಗೆ ತಂದೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ನಿನ್ನ ತಾಯಿಗೂ ಗಟ್ಟಿಯಾಗಿ ಓದಿ ಹೇಳಿದೆ. ಭಾರತಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಸಾಹೇಬ್ರಿಗೆಲ್ಲ ಅರ್ಜಿ ಹಾಕೋಕೆ ನನ್ನ ಮಗಳೇನು ಕೆಟ್ಟೋಗಿರೋ ಬೋರ್‌ವೆಲ್ಲಾ?" ಎಂದು ಕೇಳಿದಳು. ನಿನ್ನ ಅಣ್ಣ ಚಂದ್ರು ಕೋಲಾರದ ಟೊಮೇಟೊ ಮಂಡಿಯಿಂದ ಆಗತಾನೆ ಬಂದಿದ್ದವನು ಜೋರಾಗಿ ನಕ್ಕುಬಿಟ್ಟ. ಉತ್ತರವನ್ನು ಅವರಿಗಲ್ಲ, ನಿನಗೆ ಕೊಡುತ್ತೇನೆ.

ನಾನು ಕಾಲೇಜು ಕಂಡವನಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಬೆಳಗಿನ ರೈಲು ಹತ್ತಿ ಮಾಲೂರಿಗೆ ಹೋಗಿ, ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದಡಿ ಗಂಗಾಧರಯ್ಯನವರ ಪಕ್ಕದಲ್ಲಿ ಚಾಪೆ ಹಾಸಿ ಕುಳಿತು, ಅವರು ಬರೆದ ಅರ್ಜಿಗಳನ್ನು ನಕಲು ಮಾಡುತ್ತಾ ಭಾಷೆ ಕಲಿತವನು. ಮಸಿ ಕಾಗದದ ನೀಲಿ ಬೆರಳಿಗೆ ಹತ್ತಿದರೆ ಊಟದ ಅನ್ನಕ್ಕೂ ಹತ್ತುತ್ತಿತ್ತು. ಶಿವಾರಪಟ್ಟಣದ ಶಿಲ್ಪಿಗಳು ಕಲ್ಲೆತ್ತುವ ಪರವಾನಗಿಗೆ ಬರುತ್ತಿದ್ದರು. ವಿಧವೆಯರು ಪಿಂಚಣಿಗೆ ಬರುತ್ತಿದ್ದರು. ಹೊಂಗೆ ಹೂವು ಉದುರುವ ಕಾಲದಲ್ಲಿ ಕಾಗದದ ಮೇಲಿಂದ ಹೂವು ಊದಿ ಊದಿ ಬರೆಯಬೇಕಾಗಿತ್ತು. ಅಂಥ ದಿನಗಳು ಮತ್ತೆ ಬರುವುದಿಲ್ಲ. ಮರವೂ ಈಗಿಲ್ಲ, ಅಲ್ಲೊಂದು ಜೆರಾಕ್ಸ್ ಅಂಗಡಿಯಿದೆ.

ಗಂಗಾಧರಯ್ಯನವರು ನನಗೆ ಹೇಳಿಕೊಟ್ಟದ್ದು ಒಂದೇ: "ಕಾರಣಕ್ಕೆ ಬಲ ಇರ್ಬೇಕು ಕಣೋ. ಬರೀ ವರ್ಗಾವಣೆ ಬೇಕು ಅಂದ್ರೆ ಯಾವ ಸಾಹೇಬ ಓದ್ತಾನೆ? ಕಣ್ಣು ಕಾಣಲ್ಲ ಅನ್ನು, ಎದೆ ನೋವು ಅನ್ನು. ಆಗ ಪೆನ್ನು ತೆಗೀತಾನೆ." ಆ ಕ್ರಮದಂತೆ ಅರ್ಜಿಗೆ ಬಲ ಕೊಟ್ಟೆ. ಆದರೆ ಕಲಂ ನಾಲ್ಕು ಕಟ್ಟುಕಥೆಯಲ್ಲ. ನಾನು ಕಣ್ಣಾರೆ ಕಂಡದ್ದು. ಬಾವಿಯಿಂದ ಮೇಲೆ ಬಂದಾಗ ನೀನು ಬಿಕ್ಕಿಬಿಕ್ಕಿ ಅಳುತ್ತಿದ್ದೆ.

ಆ ಬಾವಿ ನಿನಗೆ ನೆನಪಿರಬೇಕು. ನನ್ನ ತಂದೆ ತೋಡಿಸಿದ್ದು. ಬೆಟ್ಟದ ಕಡೆಯ ಕಲ್ಲಿನಿಂದ ಕಟ್ಟಿದ ಗೋಡೆ, ಗೋಡೆಯ ಸಂದಿಗಳಲ್ಲಿ ಪಾರಿವಾಳಗಳು. ಮಧ್ಯಾಹ್ನ ಪಂಪು ಹಾಕಿದರೆ ಹಿಪ್ಪುನೇರಳೆ ತೋಟದ ಕೊನೆಯವರೆಗೆ ನೀರು ಹರಿಯುವ ಸದ್ದು ಮಲಗಿದಲ್ಲಿಗೆ ಕೇಳುತ್ತಿತ್ತು. ಬೇಸಿಗೆಯಲ್ಲಿ ಊರಿನ ಹುಡುಗರೆಲ್ಲ ಅದಕ್ಕೇ ಹಾರುತ್ತಿದ್ದರು. ನೀರು ಇಳಿದ ವರ್ಷ ಹೂಳೆತ್ತಿದರೆ ನೀರಿನ ಊಟೆ ತೆರೆಯುತ್ತದೆಂದು ಕದಿರೇಶನ ಗುಂಪನ್ನು ಕರೆಸಿದೆ. ಗೋಡೆ ಬಿತ್ತು, ಊಟೆ ತೆರೆಯಲಿಲ್ಲ. ಈಗ ಅದರ ಬಾಯಿಗೆ ಜಾಲಿಮುಳ್ಳು ಮುಚ್ಚಿದ್ದೇನೆ.

ಒಂದು ಬಾವಿಯನ್ನು ಕಂಡ ಮೇಲೆ ತಂದೆಯಾದವನು ಮಗಳನ್ನು ಇನ್ನೊಂದು ಬಾವಿಗೆ ಹೇಗೆ ಕಳಿಸಲಿ? ನನ್ನ ಅರ್ಜಿಯಲ್ಲಿ ತಪ್ಪಿಲ್ಲವೆಂದೇ ನನ್ನ ನಿಲುವು.

ಇಂತಿ,
ವೆಂಕಟರಾಯಪ್ಪ


ಭದ್ರಗಿರಿ ಗಣಿ ಕಾಲೊನಿ
೨೦ ಮಾರ್ಚ್ ೨೦೨೪

ಅಪ್ಪ,

ನಿಮ್ಮ ಅರ್ಜಿ ಗೆದ್ದಿದೆ. ತಾತ್ಕಾಲಿಕವಾಗಿ ಎಂದು ಹೇಳಿ ನನ್ನನ್ನು ಮೇಲಿನ ಕಚೇರಿಗೆ ಹಾಕಿದ್ದಾರೆ. ಫ್ಯಾನು ಇದೆ, ಕುರ್ಚಿಗೆ ಮೆತ್ತೆ ಇದೆ. ಕಲ್ಲಿದ್ದಲಿನ ತುಂಡುಗಳನ್ನು ಚೀಲಕ್ಕೆ ಹಾಕಿ ಚೀಟಿ ಅಂಟಿಸುತ್ತೇನೆ. ಕಿಟಕಿಯಿಂದ ಗಣಿಯ ಬಾಯಿ ಕಾಣುತ್ತದೆ. ಪಾಳಿ ಇಳಿಯುವ ಹೊತ್ತಿಗೆ ಎದ್ದು ನಿಲ್ಲುವುದು ಅಭ್ಯಾಸವಾಗಿದೆ. ಬೇರೆ ಕೆಲಸ ಇಲ್ಲದಂತೆ ಎದ್ದು ನಿಲ್ಲುತ್ತೇನೆ, ಅವರು ಮರೆಯಾದ ಮೇಲೆ ಕೂರುತ್ತೇನೆ.

ಆ ಭಾಗದಲ್ಲಿ ಕೆಲಸ ನಡೆಯುತ್ತಲೇ ಇದೆ. ಓದೆಲು ಎಂಬ ಹಿರಿಯ ಮೇಸ್ತ್ರಿ ಅಲ್ಲಿಯ ತಂಡವನ್ನು ನೋಡಿಕೊಳ್ಳುತ್ತಾರೆ. ಪಾಳಿ ಮುಗಿಸಿ ಹೋಗುವಾಗ ನನ್ನ ಕಿಟಕಿಯ ಬಳಿ ನಿಂತು ಬೀಡಿ ಹಚ್ಚುವ ನೆಪ ಮಾಡುತ್ತಾರೆ.

"ಬಿಡ್ಡಾ, ಹಳದಿ ಇನ್ನೊಂದು ಉಗುರಷ್ಟು ಒಳಕ್ಕೆ ಹೋಯ್ತು" ಎಂದರು ಮೊನ್ನೆ. ಬಿಡ್ಡಾ ಎಂದರೆ ಇಲ್ಲಿ ಮಗು, ಮಗಳು.

"ನೀವು ಮೇಲಿನವರಿಗೆ ಹೇಳಿದಿರಾ?"

"ಹೇಳ್ದೆ. 'ಏನಯ್ಯಾ, ಆ ಮೇಡಮ್ಮು ನಿಂಗೂ ಹೆದರಿಕೆ ಅಂಟಿಸಿ ಹೋದ್ಲಾ' ಅಂದ್ರು."

"ನೀವೇನಂದಿರಿ?"

"ಹೂಂ ಅಂದೆ. ಈ ವಯಸ್ಸಲ್ಲಿ ಹೊಸಾ ರೋಗ ಯಾವ್ದು ಬಂದ್ರೂ ಒಳ್ಳೇದೇ, ರಜ ಕೊಡಿ ಅಂದೆ." ನಗುತ್ತಲೇ ಹೇಳಿದರು. ಹಚ್ಚದ ಬೀಡಿಯನ್ನು ಕಿವಿಯ ಮೇಲಿಟ್ಟುಕೊಂಡು ಹೋದರು.

ನೀವು ಬಾವಿಯ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಪಾರಿವಾಳದ ರೆಕ್ಕೆಯ ಸದ್ದು ನನಗೂ ನೆನಪಿದೆ. ಇನ್ನೊಂದು ವಿಷಯ ನಿಮಗೆ ಹೇಳಿಲ್ಲ. ಮೊದಲ ದಿನ ಗಣಿಗೆ ಇಳಿದಾಗ ನಮ್ಮ ಬಾವಿಯ ತಳದ ವಾಸನೆ ಬಂತು: ಒದ್ದೆ ಕಲ್ಲು, ಹಳೆಯ ನೀರು, ತಣ್ಣಗಿನ ಕತ್ತಲೆ. ಜೊತೆಗಿದ್ದವರು ಮುಖ ಒರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಊರಿಗೆ ಬಂದ ಹಾಗಾಯಿತು. ಹೆದರಿದವಳಿಗೆ ಹಾಗಾಗುತ್ತದೆಯೇ, ಅಪ್ಪ?

ಬಾವಿಯಿಂದ ಬಂದ ಮೇಲೆ ನಾನು ಅತ್ತದ್ದು ನಿಜ. ಏಕೆ ಅತ್ತೆ ಎಂದು ನೀವು ಯಾವತ್ತೂ ಕೇಳಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಸುರಕ್ಷತಾ ಸಮಿತಿ ಕೂರುತ್ತದೆ, ನನ್ನ ವರದಿಯೂ ಅದರ ಮುಂದೆ ಬರುತ್ತದೆ. ಅದಕ್ಕೆ ಮೊದಲು ಕಲಂ ನಾಲ್ಕಕ್ಕೆ ಸಾಕ್ಷಿ ಕೇಳಿ ನಿಮಗೆ ಪತ್ರ ಬರುತ್ತದೆ. ನೀವು ಅದನ್ನು ಸಾಧಿಸಿಕೊಟ್ಟರೆ ನಾನು ಮೇಲೆಯೇ ಉಳಿಯುತ್ತೇನೆ, ನನ್ನ ವರದಿ ಕಡತದೊಳಗೆ ಹೋಗುತ್ತದೆ, ಓದೆಲು ತಂಡ ಉಳಿದ ಕಂಬಗಳನ್ನೂ ತೆಗೆಯುತ್ತದೆ. ಇಲ್ಲವೆಂದರೆ ಅವರು ನನ್ನ ವರದಿಯನ್ನು ವರದಿಯಂತೆ ಓದಬೇಕಾಗುತ್ತದೆ. ಆಗ ನಾನೂ ಮತ್ತೆ ಇಳಿಯುತ್ತೇನೆ.

ಏನು ಬರೆಯಬೇಕೆಂದು ನಿಮಗೆ ನಾನು ಹೇಳುವುದಿಲ್ಲ.

ರಂಜಿತ


ಟೇಕಲ್
೪ ಏಪ್ರಿಲ್ ೨೦೨೪

ಚಿರಂಜೀವಿ ರಂಜಿತಳಿಗೆ,

ನೀನು ಸೂಚಿಸಿದಂತೆ ಸಂಸ್ಥೆಯ ಪತ್ರ ಬಂದಿತು. ಕಲಂ ನಾಲ್ಕರ ಘಟನೆಯನ್ನು ಕಂಡವರ ಹೇಳಿಕೆಯೊಂದನ್ನು ಒದಗಿಸಬೇಕೆಂದು ಬಯಸಿದ್ದಾರೆ.

ಕದಿರೇಶ ತೀರಿಹೋಗಿ ವರ್ಷಗಳಾದವು. ಅಂದು ಮೇಲಿನಿಂದ ರಾಟೆಯಲ್ಲಿ ಹೂಳಿನ ಬುಟ್ಟಿ ಎಳೆಯುತ್ತಿದ್ದ ಮುತ್ಯಾಲಮ್ಮ ಮಾತ್ರ ಇದ್ದಾಳೆ. ಈಗ ಮುಳಬಾಗಿಲಿನಲ್ಲಿ ಮಗನ ಮನೆಯಲ್ಲಿದ್ದಾಳೆ. ನಮ್ಮ ಕಸುಬಿನ ಕ್ರಮವೆಂದರೆ ಹೇಳಿಕೆಯನ್ನು ಮೊದಲು ಬರೆದುಕೊಂಡು, ಸಾಕ್ಷಿಯ ಬಳಿಗೆ ಆಮೇಲೆ ಹೋಗುವುದು. ಸಾಕ್ಷಿಗೆ ತೊಂದರೆಯಾಗಬಾರದಲ್ಲ. "ಮಗುವು ಭಯದಿಂದ ಚೀರುತ್ತಿದ್ದುದನ್ನು ನಾನು ಖುದ್ದು ಕಂಡಿರುತ್ತೇನೆ" ಎಂದು ನೀಟಾಗಿ ಬರೆದುಕೊಂಡು, ಹೆಬ್ಬೆಟ್ಟಿಗೆ ಮಸಿಯ ಡಬ್ಬಿಯನ್ನೂ ಜೇಬಿಗಿಟ್ಟುಕೊಂಡು, ಕೋಲಾರದಲ್ಲಿ ಬಸ್ಸು ಬದಲಿಸಿ ಹೋದೆ.

ಮುತ್ಯಾಲಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಬಾಯಿ ಮುದಿಯಾಗಿಲ್ಲ.

"ಏನಪ್ಪೋ ವೆಂಕಟ್ರಾಯಪ್ಪ, ಇನ್ನೂ ಇದ್ದೀಯಾ? ಟೇಕಲ್ ಸ್ಟೇಷನ್ನಲ್ಲಿ ಯಮನ ರೈಲು ನಿಲ್ಲಲ್ವಾ?"

ನಾನು ಬಂದ ಕಾರಣ ತಿಳಿಸಿ ಕಾಗದ ಮುಂದಿಟ್ಟೆ.

"ಏನ್ ಬರ್ದಿದ್ದೀಯಾ, ಓದು."

ಓದಿದೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಿದಳು.

"ಯಾರು, ನಮ್ಮ ರಂಜಿತಾನಾ ಹೆದರಿದ್ದು? ಅಯ್ಯೋ ದೇವುಡಾ! ಆ ಕೂಸು ತಳದಲ್ಲಿ ನಿಂತ್ಕೊಂಡು, 'ಕದಿರೇಶಣ್ಣಾ, ಕಲ್ಲಿನ ಹಿಂದಿಂದ ಮಣ್ಣು ಸುರೀತೈತೆ, ಎಲ್ರೂ ಹತ್ರಿ' ಅಂತ ಕೂಗ್ತಿತ್ತು. ನೀನು ಮೇಲ್ ನಿಂತ್ಕೊಂಡು ಏನಂದೆ?"

ನಾನು ಕಾಗದದ ಮಡಿಕೆ ಸರಿಮಾಡಿದೆ.

"'ಲೇ, ಬಾಯ್ಮುಚ್ಚೇ, ಕೆಲಸ ಕೆಡಿಸ್ಬೇಡ' ಅಂದೆ. ಕದಿರೇಶ ನಿನ್ ಮಾತು ಕೇಳ್ಲಿಲ್ಲ, ಕೂಸಿನ ಮಾತು ಕೇಳ್ದ. ಹೆಗಲಿಗೆ ಹಾಕ್ಕೊಂಡು ಹತ್ಬಿಟ್ಟ, ಉಳಿದೋರೂ ಹತ್ತಿದ್ರು. ಇನ್ನೊಂದ್ ಬುಟ್ಟಿ ಎಳೆಯೋಷ್ಟ್ರಲ್ಲಿ ಗೋಡೆ ದಬದಬ ಅಂತ ಬಂತು. ಆಮೇಲೆ ನೀನು ಪಂಪ್‌ಹೌಸಿನ ಹಿಂದೆ ಹೋಗಿ ವಾಂತಿ ಮಾಡ್ಕೊಂಡೆ. ನಿಂಗೆ ನೀರು ತಂದುಕೊಟ್ಟಿದ್ದು ಆ ಕೂಸೇ."

"ಆದ್ರೆ ಅಳ್ತಿತ್ತಲ್ಲ ಮುತ್ಯಾಲಮ್ಮ?"

"ಅಳ್ದೆ ಏನ್ಮಾಡುತ್ತಪ್ಪಾ? ನೀನು ಬಂದ ಬಂದೋರ್ಗೆಲ್ಲ 'ಮಗು ಹೆದರ್ಕೊಂಡುಬಿಡ್ತು, ಮಗು ಹೆದರ್ಕೊಂಡುಬಿಡ್ತು' ಅಂತಿದ್ದೆ. ಜನಾನೆಲ್ಲ ಉಳಿಸಿದ್ದು ಅದು, ತಗಂಡೋಗಿ ತಾಯತ ಕಟ್ಸಿದ್ದು ನೀನು!"

ಮಸಿಯ ಡಬ್ಬಿಯನ್ನು ಮುಂದೆ ಸರಿಸಿದೆ. ಏಕೆ ಸರಿಸಿದೆನೋ ತಿಳಿಯದು, ಕೈಗೆ ಅಭ್ಯಾಸ. ಅವಳು ಅದರ ಮುಚ್ಚಳ ಹಾಕಿ ನನ್ನ ಜೇಬಿಗೇ ಇಟ್ಟಳು. "ಪೋ ಅಪ್ಪಾ, ಹೋಗು. ಕಾಫಿ ಕುಡ್ಕೊಂಡು ಹೋಗು. ಒತ್ತಲ್ಲ ನಾನು."

ಹಿಂದಿರುಗುವ ಬಸ್ಸಿನಲ್ಲಿ ಮುಳಬಾಗಿಲಿನ ಬಂಡೆಗುಡ್ಡಗಳನ್ನು ನೋಡುತ್ತಾ ಬಂದೆ. ಒಂದರ ಮೇಲೊಂದು ಇಟ್ಟ ಹಾಗಿರುವ ಆ ಗುಂಡುಗಳ ಕೆಳಗೆ ಕುರಿ ಕಾಯುವವರು ನೆರಳಿಗೆ ಮಲಗಿರುತ್ತಾರೆ. ಎಷ್ಟೋ ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ಅವು ಬಿದ್ದಾವೆಂದು ಒಮ್ಮೆಯೂ ಅನ್ನಿಸಿದ್ದಿಲ್ಲ. ಮೊನ್ನೆ ಅನ್ನಿಸಿತು.

ನೀನು ಕೇಳಿದ್ದು ನ್ಯಾಯ. ಆದರೆ ಇದನ್ನೂ ತಿಳಿದುಕೊ. ಸುಳ್ಳು ಸಾಕ್ಷಿಯೊಂದನ್ನು ಹೊಂದಿಸುವುದು ನನಗೆ ಕಷ್ಟವಲ್ಲ. ಮಾಲೂರಿನಲ್ಲಿ ಇಂದಿಗೂ ನನ್ನ ಮಾತಿಗೆ ಬೆಟ್ಟು ಒತ್ತುವವರಿದ್ದಾರೆ. ಹಾಗೆ ಮಾಡಿದರೆ ನೀನು ಮೇಲಿರುತ್ತೀಯೆ. ನನ್ನೊಡನೆ ಮಾತಾಡದಿದ್ದರೂ ಬದುಕಿರುತ್ತೀಯೆ. ಉತ್ತರ ಬರೆಯಲು ಕುಳಿತೆ, ಎದ್ದೆ, ಮತ್ತೆ ಕುಳಿತೆ. ನಿನ್ನ ತಾಯಿ ದೀಪ ಹಚ್ಚಿ ಹೋಗುವಾಗ, "ಅಲ್ಲಿ ಓದೆಲು ಅನ್ನೋರಿಗೂ ಮನೇಲಿ ಯಾರಾದ್ರೂ ಇರ್ತಾರಲ್ವಾ?" ಎಂದಷ್ಟೇ ಹೇಳಿದಳು.

ಕಾಗದ ಇನ್ನೂ ಖಾಲಿಯಿದೆ.

ವೆಂಕಟರಾಯಪ್ಪ


ಟೇಕಲ್
೮ ಏಪ್ರಿಲ್ ೨೦೨೪

ಭದ್ರಗಿರಿ ಕಲ್ಲಿದ್ದಲು ಸಂಸ್ಥೆಯ ಸು‌ರಕ್ಷತಾ ಸಮಿತಿಯ ಅಧ್ಯಕ್ಷರಿಗೆ,

ತಮ್ಮ ಪತ್ರಕ್ಕೆ ಉತ್ತರವಾಗಿ ಅರ್ಜಿದಾರನು ಬರೆದುಕೊಳ್ಳುವುದೇನೆಂದರೆ:

೧. ಕಲಂ ನಾಲ್ಕರ ಬಗ್ಗೆ ಕಣ್ಣಾರೆ ಕಂಡ ಸಾಕ್ಷಿಯನ್ನು ಅರ್ಜಿದಾರನು ಖುದ್ದು ವಿಚಾರಿಸಲಾಗಿ, ಬಾವಿಯ ಗೋಡೆ ಕುಸಿಯುವ ಮುನ್ನ ಅದರ ಲಕ್ಷಣವನ್ನು ಗುರುತಿಸಿ, ಒಳಗಿದ್ದ ಕೂಲಿಕಾರರನ್ನು ಎಚ್ಚರಿಸಿದವಳು ಸದರಿ ರಂಜಿತಳೇ ಎಂದು ತಿಳಿದುಬಂದಿರುತ್ತದೆ. ಆಕೆಯ ಮಾತನ್ನು ನಂಬಿದ ಕಾರಣ ಎಲ್ಲರೂ ಬದುಕಿದರು. ನಂಬದೆ ಗದರಿಸಿದವನು ಅರ್ಜಿದಾರನು.

೨. ಕಲಂ ನಾಲ್ಕರಲ್ಲಿ ನಮೂದಿಸಿದ ಭಯವು ಅರ್ಜಿದಾರನಿಗೆ ಸೇರಿದ್ದು. ಅದನ್ನು ಮಗಳ ಹೆಸರಿಗೆ ಬರೆದದ್ದು ತಪ್ಪು.

೩. ಆಕೆಯನ್ನು ಎಲ್ಲಿ ನೇಮಿಸಬೇಕೆಂಬುದು ಆಕೆಗೂ ಸಂಸ್ಥೆಗೂ ಸೇರಿದ ವಿಷಯ. ಹಿಂದಿನ ಅರ್ಜಿಯನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿರುತ್ತೇನೆ.

ಸಹಿ/- ವೆಂಕಟರಾಯಪ್ಪ
ಲಗತ್ತು: ಇದರ ತೆಲುಗು ಪ್ರತಿ.


ಭದ್ರಗಿರಿ ಗಣಿ ಕಾಲೊನಿ
೨೬ ಮೇ ೨೦೨೪

ಅಪ್ಪ,

ತಡವಾಗಿ ಬರೆಯುತ್ತಿದ್ದೇನೆ. ಸಮಿತಿಯಲ್ಲಿ ನಿಮ್ಮ ಉತ್ತರವನ್ನು ಓದಿದರು. ಎರಡನೆಯ ಕಲಂ ಮುಗಿದಾಗ ಯಾರೂ ನಗಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕುಳಿತಿದ್ದೆ. ಆಮೇಲೆ ಅಧ್ಯಕ್ಷರು ನನ್ನ ಹಳೆಯ ವರದಿಯನ್ನು ತೆಗೆಸಿ, ಅಳತೆಗಳನ್ನು ಒಂದೊಂದಾಗಿ ಕೇಳಿದರು. ಹೇಗೆ ಅಳೆದೆ, ಯಾವ ತೂತಿನಲ್ಲಿ ಎಷ್ಟು, ಯಾವಾಗ. ಹೆದರಿಕೆಯ ಮಾತೇ ಬರಲಿಲ್ಲ. ಓದೆಲು ಅವರನ್ನೂ ಕರೆಸಿದರು. ಸಂಜೆಯೊಳಗೆ ತಂಡವನ್ನು ಹೊರಗೆ ಕರೆದರು. ಉಳಿದ ಕಂಬಗಳನ್ನು ಹಾಗೆಯೇ ಬಿಟ್ಟು ಆ ಭಾಗಕ್ಕೆ ಗೋಡೆ ಕಟ್ಟಿದರು.

ಈಗ ನಿಮಗೆ ಕೇಳಬೇಕೆನ್ನಿಸುವುದನ್ನು ನಾನೇ ಹೇಳುತ್ತೇನೆ. ಚಾವಣಿ ಬಿದ್ದಿಲ್ಲ.

ಮುಚ್ಚುವ ದಿನದವರೆಗೂ ಹಳದಿ ಸ್ವಲ್ಪ ಉಳಿದೇ ಇತ್ತು. ಬಿಟ್ಟ ಕಂಬಗಳು ಅದನ್ನು ಹೊತ್ತುಕೊಂಡಿರಬಹುದು. ಇನ್ನು ಅದು ಬೀಳದೆಯೇ ಇರಬಹುದು. ಕಂಬಗಳನ್ನು ತೆಗೆದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಎಂದಿಗೂ ತಿಳಿಯಲಾರರು. ಕ್ಯಾಂಟೀನಿನಲ್ಲಿ ಹುಡುಗರು, "ಮೇಡಂ, ನಿಮ್ಮ ಚಾವಣಿ ಕ್ಷೇಮವಾ? ಕಾಗದ ಗೀಗದ ಬಂತಾ?" ಎಂದು ಕೇಳುತ್ತಾರೆ. ನಾನು "ಚೆನ್ನಾಗಿದೆಯಂತೆ, ನಿಮ್ಮನ್ನೇ ಕೇಳ್ತಿತ್ತು" ಎನ್ನುತ್ತೇನೆ. ನಮ್ಮ ಕೆಲಸವೇ ಹೀಗೆ, ಅಪ್ಪ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ನಮ್ಮ ಬಾವಿಯ ಹಾಗೆ ಕಣ್ಣೆದುರಿಗೆ ಕುಸಿದು ನನ್ನ ಮಾತನ್ನು ನಿಜ ಮಾಡಲಿ ಎಂದು ನಾನು ಬಯಸುವಂತಿಲ್ಲ.

ಓದೆಲು ಅವರ ಹೆಂಡತಿ ಎಳ್ಳುಂಡೆ ಕಳಿಸಿದ್ದರು.

ಸೋಮವಾರದಿಂದ ನನ್ನನ್ನು ಮತ್ತೆ ಕೆಳಗೆ ಹಾಕಿದ್ದಾರೆ. ಹೊಸ ಭಾಗ. ಅದನ್ನು ನಿಮಗೆ ಮೊದಲೇ ಹೇಳಬೇಕೆನ್ನಿಸಿತು, ಬೇರೆಯವರಿಂದ ತಿಳಿಯುವುದಕ್ಕಿಂತ. ಮುತ್ಯಾಲಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ರಂಜಿತ


ಟೇಕಲ್
೯ ಜೂನ್ ೨೦೨೪

ಚಿರಂಜೀವಿ ಸೌಭಾಗ್ಯವತಿ ರಂಜಿತಳಿಗೆ ತಂದೆಯ ಆಶೀರ್ವಾದಗಳು.

ಸೌಭಾಗ್ಯವತಿ ಎಂಬುದು ಕೈತಪ್ಪಿ ಬಂದಿತು, ನಿನಗಿನ್ನೂ ಮದುವೆಯಾಗಿಲ್ಲ. ಕಾಗದ ಬದಲಿಸಬೇಕೆಂದಿದ್ದೆ. ನಿನ್ನ ತಾಯಿ, "ಇರ್ಲಿ ಬಿಡ್ರಿ, ಭಾಗ್ಯಕ್ಕೇನು ಗಂಡನೇ ಬೇಕಾ?" ಎಂದಳು. ಹಾಗೆಯೇ ಬಿಟ್ಟಿದ್ದೇನೆ.

ನಿನ್ನ ಪತ್ರ ಕೈಸೇರಿತು. ಚಂದ್ರು ಶ್ರೀನಿವಾಸಪುರದಿಂದ ಒಂದು ಬುಟ್ಟಿ ಮಾವು ತಂದಿದ್ದಾನೆ. ಮನೆ ತುಂಬ ಅದರದೇ ಘಮ. ನೀನು ಚಿಕ್ಕವಳಿದ್ದಾಗ ವಾಟೆಯನ್ನು ಚೀಪಿ ಚೀಪಿ ಬಿಳಿಯ ಮಾಡಿ, ಬೂದಿ ಹಚ್ಚಿ, ಅದಕ್ಕೆ ಗಡ್ಡದ ಮುದುಕನೆಂದು ಹೆಸರಿಟ್ಟು ಕಿಟಕಿಯಲ್ಲಿ ಕೂರಿಸುತ್ತಿದ್ದೆ. ಅಂಚೆಯಲ್ಲಿ ಮಾವು ಕಳಿಸಿದರೆ ಕೊಳೆತುಹೋಗುತ್ತದೆ. ನೀನೇ ಬಂದು ತಿನ್ನಬೇಕು.

ನೀನು ನಿನ್ನ ತಾಯಿಯೊಡನೆ ಫೋನಿನಲ್ಲಿ ಆಡಿದ ಮಾತೊಂದನ್ನು ಆಕೆ ನನಗೆ ಹೇಳಿದಳು. ಗಣಿಗೆ ಇಳಿಯುವಾಗ ಸೊಂಟಕ್ಕೆ ಕಟ್ಟುವ ಬೆಲ್ಟುಗಳೆಲ್ಲ ಗಂಡಸರ ಅಳತೆಗೆ ಮಾಡಿದ್ದಂತೆ. ತಲೆದೀಪದ ಬ್ಯಾಟರಿಯ ಭಾರಕ್ಕೆ ಅದು ಜಾರುತ್ತದೆಂದು ನೀನು ಹಗ್ಗ ಬಿಗಿದುಕೊಂಡು ಹೋಗುತ್ತೀಯಂತೆ. ಮರುದಿನವೇ ನಾನು ಕೋಲಾರಕ್ಕೆ ಹೋದೆ. ಗಡಿಯಾರ ಗೋಪುರದ ಆಚೆ ಗಲ್ಲಿಯಲ್ಲಿ ಅಮರನಾಥ್ ಎಂಬ ಚರ್ಮದ ಕೆಲಸದವನಿದ್ದಾನೆ, ಒಳ್ಳೆಯ ಕೈ.

ಅಳತೆ ಹೇಳಿದೆ. ನಿನ್ನ ತಾಯಿ ನಿನ್ನ ಹಳೆಯ ಲಂಗದ ಲಾಡಿ ಕೊಟ್ಟಿದ್ದಳು. ಅವನು ಅದನ್ನು ಹಿಡಿದು ನೋಡಿ, "ಇಷ್ಟು ಸಣ್ಣ ಸೊಂಟಕ್ಕೆ ಇಷ್ಟು ದಪ್ಪ ಬೆಲ್ಟಾ ಸಾರ್? ಯಾರ್ಗೆ, ಪೊಲೀಸ್ನೋರ್ಗಾ?" ಎಂದ.

"ಗಣಿಗೆ."

"ಗಣಿಗೆ ಹೆಣ್ಮಕ್ಕಳು ಇಳೀತಾರಾ?"

"ನನ್ನ ಮಗಳು ಇಳೀತಾಳೆ."

"ಅಲ್ಲಿ ಏನ್ ಕೆಲ್ಸ ಸಾರ್ ಅವರಿಗೆ?"

ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು, ಹಸಿರು, ಹಳದಿ, ಕೆಂಪು ಪಟ್ಟಿಗಳನ್ನು ವಿವರಿಸಿದೆ. ಅವನು ಹೊಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. "ಅವರು ಎದ್ದು ಬನ್ನಿ ಅಂದ್ರೆ ಎಲ್ರೂ ಎದ್ದು ಬರ್ಬೇಕಾ?" ಎಂದ. ಬರಬೇಕು ಎಂದೆ. "ದೊಡ್ಡ ಕೆಲ್ಸ ಸಾರ್" ಎಂದು ಎರಡು ಎಳೆ ದಾರ ಹೆಚ್ಚಿಗೆ ಹಾಕಿದ.

ಭಯವು ನನ್ನಿಂದ ಹೋಗಿಲ್ಲ. ಹೋಗುವುದೂ ಇಲ್ಲವೆಂದು ತೋರುತ್ತದೆ. ಬೆಳಗ್ಗೆ ನೀನು ಇಳಿಯುವ ಹೊತ್ತಿಗೆ ಎದ್ದು ಅಂಗಳದಲ್ಲಿ ನಿಲ್ಲುತ್ತೇನೆ. ನಿನ್ನ ತಾಯಿ ಕಂಡರೂ ಕಾಣದಂತೆ ರಂಗೋಲಿ ಹಾಕುತ್ತಾಳೆ. ಆದರೆ ಇನ್ನು ಅದರ ಬಗ್ಗೆ ಯಾರಿಗೂ ಅರ್ಜಿ ಬರೆಯುವುದಿಲ್ಲ.

ಕಟ್ಟಿಕೊಂಡು ನೋಡು. ಸರಿಯಾಯಿತೋ ಇಲ್ಲವೋ ಒಂದು ಸಾಲು ಬರೆ.

ಇಂತಿ ನಿನ್ನ ತಂದೆ,
ಸಹಿ/- ವೆಂಕಟರಾಯಪ್ಪ

ಲಗತ್ತು: ಚರ್ಮದ ಬೆಲ್ಟು, ಒಂದು. ಗಣಿಯೊಳಗೆ ಇಳಿಯುವಾಗ ಧರಿಸತಕ್ಕದ್ದು.